ದ್ವೀಪದಲ್ಲಿ ಅವ್ವನ ಚೀಟಿ

ನಾನು ಮಾಲ್ಡೀವ್ಸ್‌ನ ಒಂದು ಸಣ್ಣ ದ್ವೀಪದ ಶಾಲೆಯಲ್ಲಿ ಗಣಿತ ಕಲಿಸುತ್ತೇನೆ. ಸಂಬಳ ಬಂದದ್ದೂ ಗೊತ್ತಾಗುತ್ತಿರಲಿಲ್ಲ, ಹೋದದ್ದೂ ಗೊತ್ತಾಗುತ್ತಿರಲಿಲ್ಲ. ಅದಕ್ಕೇ ಹೊಸಪೇಟೆಯ ಚಿತ್ತವಾಡ್ಗಿಯಲ್ಲಿ ನಮ್ಮ ಓಣಿಯವರು ಮಾಡುವಂತೆ ಸ್ಟಾಫ್ ರೂಮಿನಲ್ಲಿ ಚೀಟಿ ಶುರು ಮಾಡಿದೆ. ತಿಂಗಳಿಗೊಮ್ಮೆ ಎಲ್ಲರೂ ದುಡ್ಡು ಹಾಕಬೇಕು, ಒಬ್ಬರು ಪೂರಾ ಎತ್ತಬೇಕು.

ಮೊದಲ ಚೀಟಿಯನ್ನು ಶ್ರೀಲಂಕಾದ ನಿಮಾಲಿ ಕೇಳಿದಳು, ತಂಗಿಯ ಮದುವೆಗೆ. ಎತ್ತಿಕೊಂಡು ಊರಿಗೆ ಹೋದವಳು ವಾಪಸ್ ಬಾರದಿದ್ದರೆ? ಎಲ್ಲರೂ ನನ್ನ ಮುಖ ನೋಡಿದರು. ಓಣಿಯ ಚೀಟಿ ನಡೆಸುವ ನಮ್ಮ ಅವ್ವನಿಗೆ ವಿಡಿಯೋ ಕಾಲ್ ಮಾಡಿದೆ.

"ಆಕಿ ಎಲ್ಲಾರಿಗೂ ನೀಡಿ ಉಣ್ತಾಳೋ, ತಾನ ಮೊದ್ಲು ಉಣ್ತಾಳೋ?" ಅಂದಳು ಅವ್ವ.

"ನೀಡೇ ಉಣ್ತಾಳವ್ವ."

"ಹಂಗಾದ್ರ ಕೊಡ್ರಿ. ಬರ್ತಾಳ."

ನಿಮಾಲಿ ಹೇಳಿದ ದಿನವೇ ಬಂದಳು. ಮದುವೆಯ ಸಿಹಿ ಡಬ್ಬಿಯ ಜತೆ ತಿಂಗಳ ಕಂತನ್ನೂ ಮೇಜಿನ ಮೇಲಿಟ್ಟಳು. ಅವತ್ತು ನಾನು ಎದೆಯುಬ್ಬಿಸಿಕೊಂಡೇ ಪಾಠ ಮಾಡಿದೆ. ಆಮೇಲೆ ಅವ್ವನನ್ನು ಕೇಳದೆ ಯಾರಿಗೂ ಚೀಟಿ ಇಲ್ಲ ಎಂದಾಯಿತು.

ಮುಂದಿನ ಚೀಟಿ ನನಗೆ ಬೇಕಿತ್ತು. ಎಲ್ಲರೂ ಫೋನಿನ ಸುತ್ತ ಕೂತರು.

"ನಮ್ಮಾಕಿಗೆ ಕಡೀಕ ಕೊಡ್ರಿ," ಅಂದಳು ಅವ್ವ. "ಸಣ್ಣಾಕಿ ಇದ್ದಾಗಿಂದ ತಾಟಿನ ಮುಂದ ಮೊದ್ಲು ಕುಂದ್ರಾಕಿ ಆಕೀನ."

ಏನಂದರು ಎಂದು ಎಲ್ಲರೂ ನನ್ನನ್ನೇ ಕೇಳಿದರು. ಅಲ್ಲಿ ಕನ್ನಡ ಬರುವವಳು ನಾನೊಬ್ಬಳೇ, ಏನು ಬೇಕಾದರೂ ಹೇಳಬಹುದಿತ್ತು. ಇದ್ದದ್ದನ್ನು ಇದ್ದಂತೆ ಹೇಳಿ, ಅಂಥ ಅವ್ವನ ಮಗಳೆಂಬ ಹೆಮ್ಮೆಯಿಂದಲೇ ಕಡೆಯ ಸರದಿಗೆ ಹೋದೆ.