ಹಿಪ್ಪುನೇರಳೆ ಹಣ್ಣು, ಮನೆಯ ಬೆಲ್ಲ

ಇವತ್ತು ಬಾಗಿಲಿಗೆ ನೀರು ಹಾಕಿದೆ, ಕೊಟ್ಟಿಗೆ ಬಾಚಿ ಹಾಲು ಕರೆದೆ, ರೇಷ್ಮೆಹುಳುವಿಗೆ ಸೊಪ್ಪು ಕೊಟ್ಟೆ, ಅತ್ತೆಗೆ ಇಡ್ಲಿ ಬೇಯಿಸಿ ಮುಚ್ಚಿಟ್ಟೆ. ಯಜಮಾನರನ್ನು ಖಾಲಿ ಹೊಟ್ಟೆಯಲ್ಲೇ ಹೊರಡಿಸಿಕೊಂಡು ಮಂಡ್ಯಕ್ಕೆ ಹೋಗಿ ರಕ್ತ ಪರೀಕ್ಷೆ ಮಾಡಿಸಿ, ಡಾಕ್ಟರಮ್ಮನನ್ನು ಕಂಡು, ಮದ್ದೂರಿನ ಮೇಲೆ ವಾಪಸು ಬಂದೆ. ಬಟ್ಟೆ ಒಗೆಯುವುದು ನಾಳೆಗೆ ಉಳಿಯಿತು.

ಪರೀಕ್ಷೆ ಇದು ಎರಡನೆಯ ಸಲ. ಮೊದಲ ಸಲ ಹೋದಾಗ ಚಳಿಗಾಲ. ಯಜಮಾನರ ತೂಕ ಹೆಚ್ಚಿದೆ, ಸಕ್ಕರೆ ಕಾಯಿಲೆ ಇನ್ನೂ ಬಂದಿಲ್ಲ, ಹೊಸಿಲಲ್ಲಿ ನಿಂತಿದೆ ಎಂದಿದ್ದರು ಡಾಕ್ಟರಮ್ಮ. ಮುಂದಿನ ಸಲಕ್ಕೆ ಇಳಿಯದಿದ್ದರೆ ಮಾತ್ರೆ ಶುರು ಮಾಡಬೇಕಾಗುತ್ತದೆ ಎಂದೂ ಹೇಳಿದ್ದರು. ಯಜಮಾನರಿಗೆ ಆ ಮಾತ್ರೆಯದೇ ಭಯ. ಅವರ ಅಪ್ಪನಿಗೂ ಮಾತ್ರೆಯಿಂದಲೇ ಶುರುವಾಗಿ, ಸೂಜಿಗೆ ಬಂದು, ಕೊನೆಗೆ ಕಾಲಿನ ಹುಣ್ಣು ಮಾಯದೆ ಅವರು ತೀರಿಹೋದರು. ಹೋದದ್ದು ಕಾಯಿಲೆಯಿಂದ, ಮಾತ್ರೆಯಿಂದಲ್ಲ ಎಂದು ನಾನು ಎಷ್ಟು ಹೇಳಿದರೂ ಇವರ ತಲೆಯಲ್ಲಿ ಎರಡೂ ಒಂದಕ್ಕೊಂದು ಅಂಟಿಕೊಂಡಿವೆ.

ಸಕ್ಕರೆ ಪೂರ್ತಿ ಬಿಡಿ, ಸಂಜೆ ಹಸಿವಾದರೆ ಬೋಂಡ, ಬಿಸ್ಕತ್ತಿನ ಬದಲು ಬೆರ್ರಿ ಜಾತಿಯ ಹಣ್ಣು ಒಂದು ಹಿಡಿ ತಿನ್ನಿ ಎಂದಿದ್ದರು ಡಾಕ್ಟರಮ್ಮ. ಸ್ಟ್ರಾಬೆರ್ರಿಯ ಹೆಸರು ಹೇಳಿದರು. ಅದನ್ನು ನಮ್ಮೂರಿಗೆ ಎಲ್ಲಿಂದ ತರುವುದು? ನೇರಳೆ ಹಣ್ಣಿಗೆ ಇನ್ನೂ ಕಾಲ ಬಂದಿರಲಿಲ್ಲ. ಹಿಪ್ಪುನೇರಳೆ ಹಣ್ಣು ಆಗುತ್ತದೆಯೇ ಎಂದು ನಾನೇ ಕೇಳಿದೆ. ಧಾರಾಳವಾಗಿ ಆಗುತ್ತದೆ, ಅದರಲ್ಲಿ ನಾರಿದೆ, ಬೇಗ ಹಸಿವಾಗುವುದಿಲ್ಲ ಎಂದರು. ಬರೀ ಹಣ್ಣು ತಿಂದರೆ ತೂಕ ಇಳಿಯುವುದಿಲ್ಲ, ಬೋಂಡ ಬಿಟ್ಟು ಆ ಜಾಗಕ್ಕೆ ಹಣ್ಣು ಬಂದರೆ ಇಳಿಯುತ್ತದೆ ಎಂದೂ ಬಿಡಿಸಿ ಹೇಳಿದರು.

ಮಳವಳ್ಳಿ ಕಡೆಯ ನಮ್ಮಂಥವರಿಗೆ ಹಿಪ್ಪುನೇರಳೆ ಎಂದರೆ ಸೊಪ್ಪು. ಹಣ್ಣಾಗುವ ಮೊದಲೇ ಕೊಯ್ದು ಹುಳುವಿಗೆ ಹಾಕುತ್ತೇವೆ. ನಮ್ಮ ಬದುವಿನಲ್ಲಿ ಕತ್ತರಿಸದೆ ಬಿಟ್ಟ ಒಂದು ಗಿಡ ಮರವಾಗಿದೆ. ಅದರ ಕೆಳಗೆ ಹಳೇ ಸೀರೆ ಹಾಸಿ ಕೊಂಬೆ ಅಲ್ಲಾಡಿಸಿದರೆ ಕಪ್ಪು ಹಣ್ಣು ಉದುರುತ್ತವೆ. ಹುಳು ಸಾಯುತ್ತವೆಂದು ಅದಕ್ಕೆ ಯಾವತ್ತೂ ಔಷಧಿ ಹೊಡೆದಿಲ್ಲ. ತೊಳೆದು ಬಟ್ಟಲಿಗೆ ಹಾಕಿ ಕೊಟ್ಟರೆ ಯಜಮಾನರು ಮುಖ ಕಿವುಚಿದರು. ಹುಳದ ಪಾಲು ಕಿತ್ತು ನನಗೆ ಹಾಕುತ್ತಿದ್ದೀಯ ಎಂದರು.

ಆಮೇಲೆ ಅತ್ತೆ ಕೈ ಹಾಕಿದರು. ಹಣ್ಣು ಹಿಸುಕಿ, ಬೆಲ್ಲ ಕುಟ್ಟಿ ಹಾಕಿ, ಏಲಕ್ಕಿ ಉದುರಿಸಿ ಲೋಟದಲ್ಲಿ ಕೊಟ್ಟರು. ಯಜಮಾನರು ಇನ್ನೊಂದು ಲೋಟ ಕೇಳಿದರು. ಬೆಲ್ಲ ನಮ್ಮದೇ ಕಬ್ಬಿನದು, ಪಕ್ಕದೂರಿನ ಆಲೆಮನೆಯಲ್ಲಿ ಮಾಡಿಸಿದ್ದು. ಸಕ್ಕರೆ ಡಬ್ಬ ನಾನು ಆಗಲೇ ಖಾಲಿ ಮಾಡಿದ್ದೆ. ಅಂದಿನಿಂದ ಕಾಫಿಗೂ ಬೆಲ್ಲವೇ. ನೆಂಟರ ಮನೆಯಲ್ಲಿ ಕೇಸರಿಬಾತ್ ಮುಂದಿಟ್ಟರೆ, ಸಕ್ಕರೆ ಬಿಟ್ಟಿದ್ದೇನೆ ಎಂದು ಯಜಮಾನರು ಎಲೆಯ ಪಕ್ಕಕ್ಕೆ ಸರಿಸಿ ಬಂದರು. ಮನೆಯಲ್ಲಿ ಯಾರಿಗೂ ಅನುಮಾನ ಬರಲಿಲ್ಲ, ನನಗೂ ಬರಲಿಲ್ಲ.

ಇವತ್ತು ನೋಡಿದರೆ ತೂಕ ಇದ್ದಲ್ಲೇ ಇದೆ. ರಕ್ತದಲ್ಲಿ ಸಕ್ಕರೆ ಒಂಚೂರು ಏರಿದೆ. ಏನೇನು ತಿನ್ನುತ್ತೀರಿ ಎಂದು ಡಾಕ್ಟರಮ್ಮ ಕೇಳಿದರು. ಯಜಮಾನರು ಒಂದೂ ಬಿಡದೆ ಹೇಳಿದರು. ಬೆಲ್ಲದ ಮಾತು ಬಂದಾಗ ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು.

"ಬೆಲ್ಲವೂ ಸಕ್ಕರೇನೇ ಅಲ್ವೇನ್ರೀ?"

"ಅದೆಂಗಾದದು ಮೇಡಂ? ಸಕ್ರೆ ಫ್ಯಾಕ್ಟ್ರಿದು, ಬೆಲ್ಲ ನಮ್ದು."

ಡಾಕ್ಟರಮ್ಮ ನಗಲಿಲ್ಲ. ತಾನೂ ಈ ಜಿಲ್ಲೆಯವಳೇ, ಬೆಲ್ಲವೂ ಬೇಡ ಎಂದು ತಾನೇ ಬಾಯಿಬಿಟ್ಟು ಹೇಳಬೇಕಿತ್ತು ಎಂದರು. ರಕ್ತಕ್ಕೆ ಹೋದ ಮೇಲೆ ಎರಡೂ ಒಂದೇ. ಹಣ್ಣನ್ನು ಹಿಸುಕಬೇಡಿ, ಸೋಸಬೇಡಿ, ಇಡಿಯಾಗಿ ಅಗಿದು ತಿನ್ನಿ. ಮಾತ್ರೆ ಶುರು ಮಾಡುವುದೇ ಒಳ್ಳೆಯದೆಂದು ಅವರ ಅಭಿಪ್ರಾಯ. ಯಜಮಾನರು ಇನ್ನೊಂದು ಅವಕಾಶ ಕೇಳಿದರು. ಬೆಲ್ಲ ಬಿಟ್ಟು, ಮುದ್ದೆ ಅರ್ಧ ಮಾಡಿ, ದಿನಾ ನಡೆಯುವುದಾದರೆ ಬೇಸಿಗೆ ಕಳೆಯುವವರೆಗೆ ನೋಡೋಣ, ಆಮೇಲೆ ವಾದ ಮಾಡಬಾರದು ಎಂದು ಡಾಕ್ಟರಮ್ಮ ಒಪ್ಪಿದರು. ಮದ್ದೂರಿನಲ್ಲಿ ಬಸ್ಸು ಬದಲಿಸುವಾಗ ಯಜಮಾನರು, ಅವ್ವನಿಗೆ ಹೇಗೆ ಹೇಳುವುದು ಎಂದು ಕೇಳಿದರು.

ಅತ್ತೆ ಜಗಲಿಯಲ್ಲೇ ಕೂತಿದ್ದರು. ಬೆಲ್ಲ ಬಿಡಬೇಕೆಂದು ಹೇಳಿದ್ದಕ್ಕೆ ಮೊದಲು ರೇಗಿದರು.

"ನಿಮ್ಮಪ್ಪ ಬೆಲ್ಲ ತಿನ್ಕಂಡೇ ಗದ್ದೆ ಉತ್ತಿದ್ದು ಕಣ್ಲಾ."

"ಅಪ್ಪ ನೇಗ್ಲು ಇಡ್ದಿದ್ದ ಕಣವ್ವ. ನಾನು ಟ್ರಾಕ್ಟ್ರು ಮೇಲೆ ಕೂತಿರ್ತೀನಿ."

ಅತ್ತೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿದರು. ಆಮೇಲೆ ಮೆಲ್ಲಗೆ, "ಅಂಗಾರೆ ನಿಮ್ಮಪ್ಪಂಗೂ ನಾನೇ ಇಕ್ದೆ. ಕಾಯ್ಲೆ ಬಂದ್ಮೇಲೂ ದಿನಾ ಬೆಲ್ಲದ ಕಾಪಿ ಕೊಟ್ಟೆ," ಎಂದರು.

ಯಜಮಾನರು ಪಕ್ಕದಲ್ಲಿ ಕೂತರು. "ಆಗ ನಮ್ಗೆ ಯಾರೂ ಯೋಳ್ಲಿಲ್ಲ ಕಣವ್ವ. ನಾನೂ ಅಲ್ಲೇ ಇದ್ನಲ್ಲ, ನಂಗೂ ಗೊತ್ತಿರ್ಲಿಲ್ಲ. ಈಗ ಯೋಳವ್ರೆ. ನಂಗೆ ಇಕ್ಬೇಡ, ಬುಡು."

ಅತ್ತೆ ಎದ್ದು ಹೋಗಿ ಹಣ್ಣು ತಾವೇ ತೊಳೆದು ತಂದರು. ಯಜಮಾನರು ಒಂದೊಂದಾಗಿ ಅಗಿದರು. ಹುಳಿಗೆ ಕಣ್ಣು ಮುಚ್ಚಿದರೂ ಬಟ್ಟಲು ಕೆಳಗಿಡಲಿಲ್ಲ. ಅತ್ತೆ ಮುಖ ನೋಡುತ್ತಲೇ ಕೂತಿದ್ದರು.

ರಾತ್ರಿಗೆ ಬಸ್ಸಾರು, ಸೊಪ್ಪಿನ ಪಲ್ಯ. ಯಜಮಾನರಿಗೆ ಅರ್ಧ ಮುದ್ದೆ, ಮಜ್ಜಿಗೆ. ಅತ್ತೆಯೂ ಅರ್ಧವೇ ಸಾಕೆಂದರು, ಅದನ್ನೂ ಪೂರ್ತಿ ಉಣ್ಣಲಿಲ್ಲ. ಊಟವಾದ ಮೇಲೆ ಯಜಮಾನರು ಬೀದಿಯ ಕೊನೆಯವರೆಗೆ ನಡೆದು ಬಂದು ಮಲಗಿದ ಕೂಡಲೇ ನಿದ್ದೆ ಹೋದರು. ಅತ್ತೆ ಅವರಿಗಿಂತ ಮೊದಲೇ ಹಾಸಿಗೆಗೆ ಹೋಗಿದ್ದರು, ಆದರೆ ನಾನು ದೀಪ ಆರಿಸುವಾಗಲೂ ಅವರು ಮಗ್ಗುಲು ಬದಲಿಸುವ ಸದ್ದು ಕೇಳುತ್ತಿತ್ತು.