ರೆಸಾರ್ಟಿನಲ್ಲಿ ಬಡಿಸೋರು ಯಾರು?

ಚನ್ನರಾಯಪಟ್ಟಣದ ಬಸ್ ಸ್ಟ್ಯಾಂಡಿನ ಹೊರಗೆ ತಳ್ಳುಗಾಡಿಯ ಮೇಲೆ ದ್ರಾಕ್ಷಿ ರಾಶಿ ಹಾಕಿಕೊಂಡು ನಿಂತಿರುತ್ತಾರಲ್ಲ, ಸಂಜೆಯಾಗುತ್ತಾ ಬಂದಂತೆ ಆ ರಾಶಿಯ ತಳದಿಂದ ಒಂದು ವಾಸನೆ ಏಳುತ್ತದೆ. ಬೆಳಗಿನಿಂದ ಬಿಸಿಲಿಗೆ ಬೆಂದು ಒಡೆದ ಹಣ್ಣಿನ ವಾಸನೆ. ಸಿಹಿಯೂ ಹೌದು, ಹುಳಿಯೂ ಹೌದು. ಅದು ಗಿರಾಕಿಯ ಮೂಗಿಗೆ ಬೀಳದಿರಲೆಂದು ಗಾಡಿಯವನು ಮೇಲೆ ಒಳ್ಳೊಳ್ಳೆಯ ಗೊಂಚಲು ಜೋಡಿಸಿ, "ತಗೊಳ್ಳಿ ಮೇಡಂ, ಸಕ್ರೆ ಇದ್ದಂಗವೆ" ಎನ್ನುತ್ತಾನೆ. ಇದೇ ವಾಸನೆಯನ್ನು ಸೀಸೆಗೆ ತುಂಬಿ, ಬಿರಟೆ ಹೊಡೆದು, ಗುಡ್ಡದ ಪಕ್ಕ ರೆಸಾರ್ಟು ಕಟ್ಟಿ, ಬರೀ ಮೂಸಿ ನೋಡುವುದಕ್ಕೇ ಜನರಿಂದ ದುಡ್ಡು ವಸೂಲಿ ಮಾಡಬಹುದು ಎಂಬ ವಿದ್ಯೆ ಪಾಪ ಅವನಿಗೆ ಗೊತ್ತಿಲ್ಲ. ನನಗೂ ಗೊತ್ತಿರಲಿಲ್ಲ. ಎರಡು ವರ್ಷದ ಹಿಂದೆ ನಮ್ಮ ಮನೆಯವರೆಲ್ಲ ಸೇರಿ 'ರಿಲ್ಯಾಕ್ಸ್' ಆಗುವ ಯೋಜನೆ ಹಾಕಿದಾಗ ತಿಳಿಯಿತು.

ನಮ್ಮದು ಜೈನರ ಮನೆ. ಈರುಳ್ಳಿ, ಬೆಳ್ಳುಳ್ಳಿ, ಆಲೂಗೆಡ್ಡೆ ಹೊಸಿಲು ದಾಟಿ ಒಳಗೆ ಬರುವುದಿಲ್ಲ. ಅದಕ್ಕಿಂತ ದೊಡ್ಡ ನಿಯಮ ಇನ್ನೊಂದಿದೆ: ಹೊತ್ತು ಮುಳುಗುವ ಮುಂಚೆ ರಾತ್ರಿಯ ಊಟ ಮುಗಿಯಬೇಕು, ಮುಳುಗಿದ ಮೇಲೆ ಬಾಯಿಗೆ ಏನೂ ಇಲ್ಲ. ಹಾಗಾಗಿ ಸಂಜೆ ಐದು ಗಂಟೆಯಾಯಿತೆಂದರೆ ನಮ್ಮ ಮನೆಯಲ್ಲಿ ರೈಲು ಹೊರಡುವ ಗಡಿಬಿಡಿ. ಪಾತ್ರೆ ಅಂಗಡಿಯಿಂದ ಭಾವ ಬಂದು ಕೂರುತ್ತಾರೆ. ಇನ್ಶೂರೆನ್ಸು ಮಾಡಿಸಿ ಮಾಡಿಸಿ ಸುಸ್ತಾದ ನಮ್ಮ ಯಜಮಾನರು, ಅಂದರೆ ಭಾವನ ತಮ್ಮ, ಬಂದು ಕೂರುತ್ತಾರೆ. ಮಕ್ಕಳು ಕೂರುತ್ತವೆ. ಕೂರದವರು ಒಬ್ಬರೇ, ಭಾವನ ಹೆಂಡತಿ, ನನ್ನ ವಾರಗಿತ್ತಿ ಪದ್ಮಕ್ಕ. ಚಪಾತಿ ಹಂಚಿನಿಂದ ತಟ್ಟೆಗೆ ಹಾರಬೇಕು, ಸಾರು ಹೊಗೆಯಾಡುತ್ತಿರಬೇಕು. ಎಲ್ಲರ ಕೈ ತೊಳೆಸಿ, ಪದ್ಮಕ್ಕ ತನ್ನ ತಟ್ಟೆ ತೆಗೆಯುವ ಹೊತ್ತಿಗೆ ಎಷ್ಟೋ ದಿನ ಕಿಟಕಿಯಾಚೆ ಕತ್ತಲಾಗಿರುತ್ತಿತ್ತು. ತೆಗೆದ ತಟ್ಟೆ ಸುಮ್ಮನೆ ಗೂಡಿಗೆ ವಾಪಸ್ಸು.

ಇದಕ್ಕೆ ನಮ್ಮ ಮನೆಯಲ್ಲಿ ಏನೆನ್ನುತ್ತಿದ್ದರು ಗೊತ್ತೇ? "ನಮ್ಮ ಪದ್ಮ ಮಹಾ ಧರ್ಮಿಷ್ಠೆ. ವಾರದಲ್ಲಿ ಎರಡು ಮೂರು ಸಲ ರಾತ್ರಿ ಉಪವಾಸ!" ಭಾವ ಇದನ್ನು ಬಸದಿಯಲ್ಲಿ ನಾಲ್ಕು ಜನರ ಮುಂದೆ ಎದೆಯುಬ್ಬಿಸಿ ಹೇಳುವುದನ್ನು ನಾನು ಕಿವಿಯಾರೆ ಕೇಳಿದ್ದೇನೆ. ತಾನು ಎರಡನೇ ಸಲ ಸಾರು ಹಾಕಿಸಿಕೊಂಡದ್ದರಿಂದ ಹುಟ್ಟಿದ ಪುಣ್ಯ ಇದು ಎಂದು ಆ ಮಹಾನುಭಾವರಿಗೆ ಒಂದು ದಿನವೂ ಹೊಳೆದಿರಲಿಲ್ಲ.

ನೀನೇನು ಮಾಡುತ್ತಿದ್ದೆ ತಾಯಿ ಎಂದು ನೀವು ಕೇಳುತ್ತೀರಿ, ಕೇಳಬೇಕಾದ್ದೇ. ನಾನು ಹೊಳೇನರಸೀಪುರದ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಡಂ. ಬಸ್ಸು ನನ್ನನ್ನು ಮನೆ ಮುಟ್ಟಿಸುವ ಹೊತ್ತಿಗೆ ಸೂರ್ಯನೂ ಮನೆಗೆ ಹೊರಟಿರುತ್ತಾನೆ. ಅದಕ್ಕೇ ಬಸ್ ಸ್ಟ್ಯಾಂಡಿನ ಬೇಕರಿಯಲ್ಲಿ ಒಂದು ಬನ್ನು ತಿಂದು, ಬಾಯಿ ಒರೆಸಿಕೊಂಡು, ಉಪವಾಸದ ಮುಖ ಹಾಕಿಕೊಂಡು ಮನೆಗೆ ಬರುವುದನ್ನು ರೂಢಿಸಿಕೊಂಡಿದ್ದೆ. ಧರ್ಮ ಉಳಿಯಿತು, ಹೊಟ್ಟೆಯೂ ಉಳಿಯಿತು. ಪದ್ಮಕ್ಕನಿಗೆ ಬೇಕರಿ ಇರಲಿಲ್ಲ.

ಇರಲಿ, ರೆಸಾರ್ಟಿನ ಕಥೆಗೆ ಬರೋಣ. ಅದನ್ನು ಮನೆಯೊಳಕ್ಕೆ ತಂದವರು ಅರಕಲಗೂಡಿನ ಅಳಿಯಂದಿರು, ನನ್ನ ನಾದಿನಿ ಸುನಂದಳ ಗಂಡ. ಹಬ್ಬಕ್ಕೆ ಬಂದವರು ಹೋಳಿಗೆಯ ಮೇಲೆ ತುಪ್ಪ ಸುರಿಸಿಕೊಳ್ಳುತ್ತಾ ಮೊಬೈಲು ತೆಗೆದು ತೋರಿಸಿದರು. ನಂದಿಬೆಟ್ಟದ ಆ ಕಡೆ, ಸಾಲುಸಾಲು ದ್ರಾಕ್ಷಿ ಚಪ್ಪರ, ನಡುವೆ ಬಿಳಿಯ ಕೋಣೆಗಳು, ಹುಲ್ಲಿನ ಮೇಲೆ ಕುರ್ಚಿ, ಎದುರಿಗೆ ಇಡೀ ಆಕಾಶ ಕೆಂಪಗೆ ಮಾಡಿಕೊಂಡು ಮುಳುಗುತ್ತಿರುವ ಸೂರ್ಯ.

"ಎರಡು ದಿನ ಭಾವ. ಏನೂ ಮಾಡೋ ಹಾಗಿಲ್ಲ. ಸುಮ್ನೆ ಕೂತಿರೋದು, ಅಷ್ಟೆ" ಎಂದರು ಅಳಿಯಂದಿರು.

ಏನೂ ಮಾಡದೆ ಕೂರುವುದರಲ್ಲಿ ನಮ್ಮ ಮನೆಯ ಗಂಡಸರಿಗೆ ಹೊಸದಾಗಿ ಕಲಿಯುವುದೇನಿತ್ತೋ ನನಗೆ ತಿಳಿಯಲಿಲ್ಲ. ಆದರೆ ಪದ್ಮಕ್ಕ ಸೌಟು ಹಿಡಿದುಕೊಂಡೇ ಬಗ್ಗಿ ಮೊಬೈಲು ನೋಡಿದಳು. ತುಂಬಾ ಹೊತ್ತು ನೋಡಿದಳು. ಆಮೇಲೆ ಒಂದೇ ಒಂದು ಪ್ರಶ್ನೆ ಕೇಳಿದಳು.

"ಅಲ್ಲಿ ಬಡಿಸೋರು ಇರ್ತಾರಾ?"

ಅಳಿಯಂದಿರಿಗೆ ಇನ್ನೊಂದು ಹೋಳಿಗೆ ಬೇಕಾಗಿತ್ತು.

ಅವತ್ತು ಪಾತ್ರೆ ತೊಳೆಯುವಾಗ ಅವಳು ನನಗೆ ಹೇಳಿದಳು: "ಚಿಕ್ಕೋಳಿದ್ದಾಗ ಜಿನನಾಥಪುರದಲ್ಲಿ ಕೆರೆ ಏರಿ ಮೇಲೆ ಕೂತ್ಕೊಂಡು ನೋಡ್ತಿದ್ವಿ ಕಣೆ, ಹೊತ್ತು ಮುಳುಗೋದನ್ನ. ಮದುವೆ ಆದ್ಮೇಲೆ ನೋಡೇ ಇಲ್ಲ. ಆ ಹೊತ್ನಲ್ಲಿ ನನ್ನ ಮುಖ ಒಲೆ ಕಡೆ ಇರುತ್ತೆ, ಇಲ್ಲಾ ಸಿಂಕ್ ಕಡೆ ಇರುತ್ತೆ. ಒಂದು ದಿನ ಯಾರಾದ್ರೂ ನನ್ನ ತಟ್ಟೆಗೆ ಬಿಸಿಯಾಗಿ ಬಡಿಸಿ, ನಾನು ಉಂಡು, ಸುಮ್ನೆ ಕೂತು ಅದನ್ನ ನೋಡಿದ್ರೆ ಸಾಕು. ಇನ್ನೇನೂ ಬೇಡಪ್ಪ." ವಿಜ್ಞಾನದ ಮೇಡಂ ನಾನು, ಸೂರ್ಯ ಮುಳುಗುವುದಿಲ್ಲ, ಭೂಮಿ ತಿರುಗುತ್ತದೆ ಎಂದು ವರ್ಷವರ್ಷವೂ ಪಾಠ ಮಾಡುವವಳು. ಅವತ್ತು ಆ ಪಾಠ ಬಿಟ್ಟು, ಅವಳ ಕೈಯಲ್ಲಿದ್ದ ಪಾತ್ರೆ ಇಸಿದುಕೊಂಡು ಒರೆಸಿದೆ. ಅವಳ ಆಸೆ ಅಷ್ಟು ಸಣ್ಣದಿತ್ತು.

ಆಮೇಲೆ ಶುರುವಾಯಿತು ನೋಡಿ ಯೋಜನೆ. ಮೊದಲನೆಯ ಸಭೆ ನಡೆದದ್ದು ಧರ್ಮಸೂಕ್ಷ್ಮದ ಬಗ್ಗೆ. ಆ ಜಾಗದಲ್ಲಿ ವೈನು ಮಾಡುತ್ತಾರಲ್ಲ, ಹೋಗಬಹುದೋ ಬೇಡವೋ? ಅಳಿಯಂದಿರು ಗಂಟಲು ಸರಿಮಾಡಿಕೊಂಡು, "ನಾವೇನು ಕುಡಿಯೋಕೆ ಹೋಗ್ತಿಲ್ವಲ್ಲ. ಅಲ್ಲಿ ಟೇಸ್ಟಿಂಗ್ ಅಂತ ಇರುತ್ತೆ, ಅದ್ರಲ್ಲೂ ನುಂಗೋ ಹಾಗಿಲ್ಲ. ಬಾಯಲ್ಲಿ ಮುಕ್ಕಳಿಸಿ ಉಗಿಯೋದು, ಅಷ್ಟೆ" ಎಂದರು. ಇಷ್ಟೆಲ್ಲ ವಿವರ ಇವರಿಗೆ ಹೇಗೆ ಗೊತ್ತು ಎಂದು ಸುನಂದ ಗಂಡನನ್ನೇ ದಿಟ್ಟಿಸಿದಳು. ಭಾವ ಕಣ್ಣುಮುಚ್ಚಿ ಯೋಚಿಸಿ, ಮುಕ್ಕಳಿಸಿದರೂ ಪಾಪವೇ ಎಂದು ತೀರ್ಪು ಕೊಟ್ಟರು. ದ್ರಾಕ್ಷಿಯನ್ನು ತೊಟ್ಟಿಗೆ ಹಾಕಿ ಕಾಲಲ್ಲಿ ತುಳಿಯುವ ಆಟವೂ ಇದೆಯೆಂದು ನಮ್ಮ ಯಜಮಾನರು ಓದಿ ಹೇಳಿದಾಗ, "ತಿನ್ನೋ ಪದಾರ್ಥ ತುಳಿಯೋದಾ? ಅದ್ರಲ್ಲಿ ಎಷ್ಟು ಜೀವ ಇರುತ್ತೋ! ಮನೆ ಹಾಳಾಗ" ಎಂದು ಭಾವ ಬೈದರು. ಕೊನೆಗೆ, ನೋಡಬಹುದು, ಮೂಸಬಾರದು ಎಂದಾಯಿತು.

ಎರಡನೆಯ ಸಭೆಯಲ್ಲಿ ಭಾವ ಸ್ವತಃ ಸ್ಪೀಕರ್ ಹಾಕಿ ರೆಸಾರ್ಟಿಗೆ ಫೋನು ಮಾಡಿದರು.

"ನಮಗೆ ಹೊತ್ತು ಮುಳುಗೋಕೆ ಮುಂಚೆ ಊಟ ಬೇಕಮ್ಮ."

"ಡಿನ್ನರ್ ಬಫೆ ಏಳೂವರೆಗೆ ಸ್ಟಾರ್ಟ್ ಆಗುತ್ತೆ ಸರ್."

"ಅಷ್ಟೊತ್ತಿಗೆ ಹೊತ್ತು ಮುಳುಗಿರುತ್ತಲ್ಲ!"

"ಹೌದು ಸರ್. ಸನ್‌ಸೆಟ್ ನಮ್ಮಲ್ಲಿ ತುಂಬಾ ಫೇಮಸ್. ಅದಕ್ಕೆ ಎಕ್ಸ್‌ಟ್ರಾ ಚಾರ್ಜ್ ಇಲ್ಲ ಸರ್."

ಭಾವ ಫೋನಿಟ್ಟು, ಆ ಹುಡುಗಿಗೆ ಸಂಸ್ಕಾರವಿಲ್ಲ ಎಂದರು. ಪದ್ಮಕ್ಕ ಬಾಗಿಲ ಹತ್ತಿರ ನಿಂತಿದ್ದಳು. "ಹಂಗಾದ್ರೆ ಅಲ್ಲಿ ಬಡಿಸೋರು ಯಾರು?" ಎಂದು ಮತ್ತೆ ಕೇಳಿದಳು.

ಭಾವ ಅವಳ ಕಡೆ ತಿರುಗಿದರು. ಇಷ್ಟು ಸುಲಭದ ಲೆಕ್ಕ ಗೊತ್ತಾಗಲಿಲ್ಲವೇ ಎಂಬ ಪ್ರೀತಿಯಿಂದಲೇ ನಕ್ಕರು. "ಅಯ್ಯೋ, ಅದಕ್ಯಾಕೆ ಯೋಚ್ನೆ ಪದ್ಮಾ? ನೀನಿದ್ದೀಯಲ್ಲ!"

ಪದ್ಮಕ್ಕ ಒಳಗೆ ಹೋಗಿ ಹಿಟ್ಟು ನಾದಲು ಕೂತಳು.

ಅಲ್ಲಿಂದ ಮುಂದೆ ವಿಶ್ರಾಂತಿಯ ತಯಾರಿ ಭರದಿಂದ ಸಾಗಿತು. ಹುಳಿಯವಲಕ್ಕಿ, ಪುಳಿಯೋಗರೆ ಗೊಜ್ಜು, ಚಟ್ನಿಪುಡಿ, ಕೋಡುಬಳೆ, ಎರಡು ದಿನಕ್ಕಾಗುವಷ್ಟು ಚಪಾತಿ. ನೀರು ಸೋಸುವ ಬಟ್ಟೆ. ಕೋಣೆಯಲ್ಲಿ ಕದ್ದು ಅನ್ನ ಮಾಡಲು ಇಂಡಕ್ಷನ್ ಒಲೆ, ಏಕೆಂದರೆ ಅಳಿಯಂದಿರಿಗೆ ಬಿಸಿ ಅನ್ನವೇ ಆಗಬೇಕು. ಪದ್ಮಕ್ಕ ಮೂರು ದಿನ ಒಲೆ ಬಿಟ್ಟು ಏಳಲಿಲ್ಲ. ಗಂಡಸರು ಮೂರು ದಿನವೂ, "ಯಾವಾಗ ಹೋಗಿ ರೆಸ್ಟ್ ತಗೋತೀವೋ ಅನ್ನಿಸ್ಬಿಟ್ಟಿದೆ" ಎನ್ನುತ್ತಾ ಕೋಡುಬಳೆಯ ಉಪ್ಪು ನೋಡಿದರು.

ಹೊರಡುವ ಬೆಳಿಗ್ಗೆ ಬಾಗಿಲಿಗೆ ಟೆಂಪೋ ಬಂತು. ಡ್ರೈವರ್ ರಂಗ ಸಾಮಾನು ನೋಡಿ ತಲೆ ಕೆರೆದುಕೊಂಡ. "ಏನ್ ಸಾ, ಮನೇನೇ ಕಿತ್ಕೊಂಡು ಓಯ್ತಿದ್ದೀರಾ?" ಎಲ್ಲ ತುಂಬಿಸಿ, ಊಟದ ಬುಟ್ಟಿಯನ್ನು ತಾನೇ ಭಾವನ ಕಾಲ ಬಳಿ ಇಟ್ಟು, ಪದ್ಮಕ್ಕ ಕೆಳಗಿಳಿದು ಹೊರಗಿನಿಂದ ಬಾಗಿಲು ಎಳೆದಳು.

"ಅಕ್ಕೋರು ಅತ್ತಾಕಿಲ್ವಾ?" ಎಂದ ರಂಗ.

"ಇಲ್ಲ ಕಣಪ್ಪ. ನನಗೂ ರೆಸ್ಟ್ ಬೇಕು. ಇವ್ರೆಲ್ಲ ಹೋದ್ರೆ ಸಿಗುತ್ತೆ."

ಭಾವ ಕಿಟಕಿಯಿಂದ ತಲೆ ಹೊರಗೆ ಹಾಕಿದರು. ಅವರ ಬಾಯಿಂದ ಬಂದ ಮೊದಲ ಮಾತು, ನಿಮ್ಮಾಣೆ, ಇದು: "ಅಲ್ವೇ, ಬಡಿಸೋರು ಯಾರೇ?"

ಪದ್ಮಕ್ಕನೂ ನಕ್ಕಳು, ಅವತ್ತು ಭಾವ ನಕ್ಕಷ್ಟೇ ಪ್ರೀತಿಯಿಂದ. "ಅದಕ್ಯಾಕ್ರೀ ಯೋಚ್ನೆ? ನೀವಿದ್ದೀರಲ್ಲ!"

ಆಮೇಲೆ ನನ್ನ ಕಿಟಕಿಗೆ ಬಂದು ಮೆಲ್ಲಗೆ, "ಹೊತ್ತು ಮುಳುಗೋದು ನೋಡ್ಕೊಂಡು ಬಾ. ಅಲ್ಲಿ ನೀನು ಸೌಟು ಹಿಡ್ಕೊಂಡು ನಿಂತ್ಯೋ, ನೋಡು ಮತ್ತೆ" ಎಂದು ಬೆರಳಾಡಿಸಿದಳು. ದೊಡ್ಡವರ ಮಾತು ಮೀರುವುದುಂಟೇ?

ಮಧ್ಯಾಹ್ನದ ಊಟ ದಾರಿಯ ಹೋಟೆಲಿನಲ್ಲಿ ಹೇಗೋ ಮುಗಿಯಿತು. ಸಂಜೆ ರೆಸಾರ್ಟಿನ ಹುಲ್ಲಿನ ಮೇಲೆ ಎಲ್ಲರೂ ಕುರ್ಚಿ ಹಾಕಿಕೊಂಡು ಕೂತೆವು. ಸುತ್ತ ದ್ರಾಕ್ಷಿ ಚಪ್ಪರ, ನಡುವೆ ನಮ್ಮ ಬುಟ್ಟಿ. ಗಂಡಸರು ಬುಟ್ಟಿ ನೋಡಿದರು, ಆಮೇಲೆ ಸುನಂದಳನ್ನು ನೋಡಿದರು. "ನಾನು ತವರಿನವರ ಜೊತೆ ಬಂದಿದೀನಪ್ಪ. ಇಲ್ಲೂ ಬಡಿಸ್ಬೇಕಾ?" ಎಂದು ಅವಳು ಸೆಲ್ಫಿ ತೆಗೆದುಕೊಳ್ಳಲು ಎದ್ದಳು. ಆಗ ನನ್ನನ್ನು ನೋಡಿದರು. ನಾನು ಸೂರ್ಯನನ್ನು ನೋಡಿದೆ.

"ಚಪಾತಿ ಯಾವ ಡಬ್ಬೀಲಿದೆ?" ಎಂದರು ಭಾವ. "ತೆಗೆದು ನೋಡೋಣ ಅಣ್ಣ" ಎಂದರು ನಮ್ಮ ಯಜಮಾನರು. ತೆಗೆಯಲಿಲ್ಲ. ನೀನು ತೆಗಿ, ನೀನು ತೆಗಿ ಎಂದು ಸ್ವಲ್ಪ ಹೊತ್ತು ಹೋಯಿತು. ತೆಗೆದ ಮೊದಲ ಡಬ್ಬಿಯಲ್ಲಿ ಚಟ್ನಿಪುಡಿ, ಎರಡನೆಯದರಲ್ಲಿ ಗೊಜ್ಜು. ತಟ್ಟೆಗಳು ಟೆಂಪೋದಲ್ಲೇ ಉಳಿದಿದ್ದವು, ಟೆಂಪೋ ತೆಗೆದುಕೊಂಡು ರಂಗ ಡೀಸೆಲ್ ಹಾಕಿಸಲು ಹೋಗಿದ್ದ. ಭಾವ ಮನೆಗೆ ಫೋನು ಹಚ್ಚಿದರು. ರಿಂಗಾಯಿತು, ರಿಂಗಾಯಿತು, ಯಾರೂ ಎತ್ತಲಿಲ್ಲ. ಅಷ್ಟರಲ್ಲಿ ಸೂರ್ಯ ಕೆಂಪಗೆ ಮಾಡಿಕೊಂಡು, ಎಕ್ಸ್‌ಟ್ರಾ ಚಾರ್ಜಿಲ್ಲದೆ, ಗುಡ್ಡದ ಹಿಂದೆ ಇಳಿದುಹೋದ.

ಮುಗಿಯಿತು. ಅಷ್ಟು ತಿಂಡಿಯ ಬುಟ್ಟಿ ಎದುರಿಗಿಟ್ಟುಕೊಂಡು ನಮ್ಮ ಮನೆಯ ಗಂಡಸರು ಜೀವಮಾನದಲ್ಲಿ ಮೊದಲ ಸಲ ಬಡಿಸುವವರಿಲ್ಲದೆ ಉಪವಾಸ ಮಲಗಿದರು. ಅಳಿಯಂದಿರು ಮಾತ್ರ "ಒಂದು ರೌಂಡು ವಾಕಿಂಗ್" ಎಂದು ಹೋಗಿ, ಮುಖ ಕೆಂಪಗೆ ಮಾಡಿಕೊಂಡು ಬಂದು, ಗೋಡೆಗೆ ಗುಡ್ ನೈಟ್ ಹೇಳಿದರು. ಬರೀ ಮುಕ್ಕಳಿಸಿದ್ದಂತೂ ಅಲ್ಲ. ನಾನು? ಬೇಕರಿಯ ಬನ್ನಿನಲ್ಲಿ ಪಳಗಿದ ಜೀವ. ಹೊತ್ತಿರುವಾಗಲೇ ಬ್ಯಾಗಿನಿಂದ ಬನ್ನು ತೆಗೆದು, ಮಕ್ಕಳಿಗೂ ಸುನಂದಳಿಗೂ ಕೊಟ್ಟು, ತಿಂದು ಮುಗಿಸಿದ್ದೆ.

ಊರಿಗೆ ಬಂದ ಮೇಲೆ ಭಾವ ಬಸದಿಯಲ್ಲಿ ಹೇಳುತ್ತಿದ್ದರು: "ಅಂಥಾ ಜಾಗಕ್ಕೆ ಹೋದ್ರೂ ನಾನು ಉಪವಾಸ ಬಿಡಲಿಲ್ಲ." ಅದೂ ವ್ರತವಾಗಿ ಹೋಯಿತು ನೋಡಿ!

ನಾನು ಮಾತ್ರ ಅಡುಗೆಮನೆಗೆ ಓಡಿ ಪದ್ಮಕ್ಕನನ್ನು ಹಿಡಿದುಕೊಂಡೆ. ಏನು ಮಾಡಿದೆ ಅಕ್ಕ ಎರಡು ದಿನ?

"ಏನಿಲ್ಲ ಕಣೆ. ಒಂದು ಹಿಡಿ ಅಕ್ಕಿ ಹಾಕಿ ತಿಳಿಸಾರು ಮಾಡ್ಕೊಂಡೆ. ಬಿಸಿಬಿಸೀದು ತಾರಸಿ ಮೇಲೆ ತಗೊಂಡ್ಹೋಗಿ ಉಂಡೆ. ಆಮೇಲೆ ಕೂತ್ಕೊಂಡು ನೋಡ್ದೆ."

"ಹೆಂಗಿತ್ತು?"

"ಬೇಗ ಮುಗ್ದ್ಹೋಗುತ್ತೆ ಕಣೆ. ಆದ್ರೆ ಮುಗಿಯೋವರ್ಗೂ ನನ್ನ ಯಾರೂ ಕರೀಲಿಲ್ಲ." ಹೇಳುತ್ತಾ ಅವಳ ಕಣ್ಣು ತುಂಬಿತು. ನನ್ನದೂ ತುಂಬಿತು.

ಅಂದಿನಿಂದ ನಮ್ಮ ಮನೆಯಲ್ಲಿ ಪ್ರವಾಸದ ಮಾತೆತ್ತಿದರೆ ಎಲ್ಲರಿಗಿಂತ ಮುಂದೆ ನಿಲ್ಲುವವಳು ಪದ್ಮಕ್ಕ. "ಹೋಗ್ಬನ್ನಿ, ಎರಡು ದಿನ ಯಾತಕ್ಕೂ ಸಾಲ್ದು, ನಾಲ್ಕು ದಿನ ಹೋಗ್ಬನ್ನಿ" ಎಂದು ಹುರಿದುಂಬಿಸುತ್ತಾಳೆ. ಇವತ್ತು ಬೆಳಿಗ್ಗೆ ಮತ್ತೆ ಹೊರಟರು, ಅದೇ ದ್ರಾಕ್ಷಿ ಸೀಮೆಗೆ. ಅಳಿಯಂದಿರಿಗೆ ಆ ಜಾಗ ಬಹಳ ಹಿಡಿಸಿದೆ. ಈ ಸಲ ಭಾವ ಬುದ್ಧಿವಂತರಾಗಿದ್ದಾರೆ. ಪ್ರತಿ ಡಬ್ಬಿಯ ಮುಚ್ಚಳಕ್ಕೂ ತಾವೇ ಹೆಸರು ಬರೆದು ಅಂಟಿಸಿಕೊಂಡಿದ್ದಾರೆ, ತಟ್ಟೆಗಳನ್ನು ಮಡಿಲಲ್ಲಿ ಇಟ್ಟುಕೊಂಡೇ ಹೋದರು. ನಾನು ಹೋಗಲಿಲ್ಲ. ಸ್ಕೂಲಿಗೆ ರಜೆ ಸಿಗಲಿಲ್ಲವೆಂದೆ; ರಜೆ ಕೇಳಿದ್ದರೆ ತಾನೆ ಸಿಗುವುದು! ಪಾಠ ಮುಗಿದ ಕೂಡಲೇ ಮುಂಚಿನ ಬಸ್ಸು ಹಿಡಿದು ಬಂದಿದ್ದೇನೆ.

ಬೇಕರಿಯ ಕಡೆ ತಿರುಗಲಿಲ್ಲ. ತಳ್ಳುಗಾಡಿಯವನ ಹತ್ತಿರ ಮೇಲಿನ ಗೊಂಚಲೇ ಬೇಕೆಂದು ಜಗಳವಾಡಿ ಅರ್ಧ ಕೆಜಿ ದ್ರಾಕ್ಷಿ ಕಟ್ಟಿಸಿಕೊಂಡು ಮನೆಗೆ ನಡೆದೆ. ಪದ್ಮಕ್ಕ ತಾರಸಿಯ ಮೇಲೆ ಚಾಪೆ ಹಾಸಿ, ನೀರಿನ ಟ್ಯಾಂಕಿಗೆ ಒರಗಿ ಕೂತಿದ್ದಳು. ಪಕ್ಕದಲ್ಲಿ ಮುಚ್ಚಿಟ್ಟ ಪಾತ್ರೆ, ಎರಡು ತಟ್ಟೆ.

"ಕೂತ್ಕೋ ಅಕ್ಕ, ಏಳ್ಬೇಡ" ಎಂದು ನಾನೇ ಸೌಟು ಹಿಡಿದು ಅವಳ ತಟ್ಟೆಗೆ ಬಡಿಸಿದೆ. ಅನ್ನ ಹೊಗೆಯಾಡುತ್ತಿತ್ತು. ಅವಳು ಕೈ ಅಡ್ಡ ಹಿಡಿಯಲಿಲ್ಲ.

ಉಂಡು, ದ್ರಾಕ್ಷಿ ತೊಳೆದು ನಡುವೆ ಇಟ್ಟುಕೊಂಡೆವು. ತೆಂಗಿನ ಮರಗಳ ಹಿಂದೆ ಆಕಾಶ ಕೆಂಪಾಗತೊಡಗಿತು. ಕೆಳಗೆ ಅಡುಗೆಮನೆಯಲ್ಲಿ ಫೋನು ಹೊಡೆದುಕೊಂಡಿತು.

"ಭಾವ ಇರ್ಬೇಕು ಅಕ್ಕ. ಡಬ್ಬಿ ಮುಚ್ಚಳ ಬರ್ತಿಲ್ವೇನೋ."

"ಹೊಡ್ಕೊಳ್ಲಿ ಬಿಡೆ" ಎಂದಳು ಪದ್ಮಕ್ಕ, ಒಂದು ದ್ರಾಕ್ಷಿ ಬಾಯಿಗೆ ಹಾಕಿಕೊಂಡು. "ಇನ್ನೂ ಹೊತ್ತಿದೆ."