ಉಸಿರಿಗೆ ಜಾಗ

ಕಾಡುಗೋಡಿಯ ನನ್ನ ಪಕ್ಕದ ಮನೆಯ ಕೀಬೋರ್ಡ್ ವಾದಕರ ಮುಖ ನೆನಪಿದೆ ಎಂದರೆ ನಾನೇ ನಂಬುವುದಿಲ್ಲ. ಹಾರ್ಡ್‌ಡಿಸ್ಕ್ ಕೊಳ್ಳುವಾಗಲೂ ಅವರು ಅದನ್ನು ಓಡಿಸಿ, ಹತ್ತಿರ ಬಾಗಿ, “ಕಿವಿ ಒಪ್ಬೇಕು ಸಾರ್,” ಎನ್ನುತ್ತಿದ್ದುದು ಮಾತ್ರ ಖಚಿತ. ವರ್ತೂರಿನಲ್ಲಿ ನಾಗಸ್ವರ ನುಡಿಸುತ್ತಿದ್ದ ಒಬ್ಬ ಅಜ್ಜನಿಗೆ ದಮ್ಮು ಕಡಿಮೆಯಾಗುತ್ತಿತ್ತು. ಅದು ನಿಲ್ಲುವ ಮೊದಲೇ, ಮುಂದೆ ಕೀಬೋರ್ಡಿನಲ್ಲಿ ನುಡಿಸಲೆಂದು, ಅಜ್ಜನ ಒಂದೊಂದು ಸ್ವರವನ್ನೂ ಇವರು ರೆಕಾರ್ಡ್ ಮಾಡಿ ಹಿಡಿದಿಡಬೇಕಿತ್ತು. ದೊಡ್ಡ ಡಿಸ್ಕಿನ ಗುಂಯ್‌ಗುಡುವ ಸದ್ದು ಸ್ವರದೊಳಗೂ ಸೇರುತ್ತಿತ್ತು. ಸದ್ದಿಲ್ಲದ ಚಿಕ್ಕದನ್ನೇ ತಂದರು. ಜಾಗ ಸಾಲಲಿಲ್ಲ.

“ಸ್ವರಕ್ಕೆ ಮುಂಚಿನ ಉಸಿರು ಕತ್ತರಿಸ್ಬಿಡಿ, ಎಲ್ಲಾ ಹಿಡಿಯುತ್ತೆ,” ಎಂದೆ.

“ಉಸಿರು ತೆಗೆದ್ರೆ ಅದು ಬರೀ ಪೀಪಿ ಸಾರ್, ಅಜ್ಜ ಅಲ್ಲ.”

ಜಾಗ ಉಳಿಸಲು ಅವರು ಮೇಲಿನ ಸ್ವರಗಳನ್ನೇ ಬಿಟ್ಟರು. ನುಡಿಸುವಾಗ ರಾಗ ಅಲ್ಲಿಗೇರಿದರೆ ಕೀಬೋರ್ಡ್ ಸುಮ್ಮನಾಗುತ್ತಿತ್ತು. ಅಷ್ಟನ್ನು ತಾವೇ ಬಾಯಲ್ಲಿ ಹಾಡಿ, ಕೆಳಗಿಳಿದೊಡನೆ ಮತ್ತೆ ಅಜ್ಜನಿಗೆ ಬಿಟ್ಟುಕೊಡುತ್ತಿದ್ದರು.